ಮಲ್ಲನ ಖುರಾಕು ಎಷ್ಟು?

ಜಾತ್ರೆಯ ಕುಸ್ತಿ ಮುಗಿದ ಮರುದಿನ ಅಥಣಿ ತಾಲೂಕಿನ ಹಳ್ಳಿಯೊಂದರಲ್ಲಿ ತಾಯಿಯೊಬ್ಬಳು ನಮ್ಮನ್ನು ಕೇಳಿದಳು: “ಅಜ್ಜಾರ, ಹುಡುಗ ಮೂರು ವರ್ಷದಿಂದ ತಾಲೀಮು ಮಾಡ್ತಾನ. ಸಾಮು ಹೆಚ್ಚಾದಂಗ ಖುರಾಕೂ ಹೆಚ್ಚಾಗಬೇಕಂತ ವಸ್ತಾದರು ಹೇಳ್ತಾರ. ಸಾಲಾ ಮಾಡಿ ಇನ್ನೊಂದು ಎಮ್ಮಿ ತರೂಣೇನ್ರಿ?” ಅಂದು ನಮಗೆ ಉತ್ತರ ಹೊಳೆಯಲಿಲ್ಲ. ಮರಳಿ ಬಂದು ಪುಸ್ತಕಗಳನ್ನು ತಿರುವಿದೆವು, ಬಲ್ಲವರನ್ನು ವಿಚಾರಿಸಿದೆವು.

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಗರಡಿಗಳಿಗೆ ಕೊಲ್ಲಾಪುರ ನೆರೆಮನೆಯಿದ್ದಂತೆ. ಅಲ್ಲಿ ಶಾಹೂ ಮಹಾರಾಜರು ಕಟ್ಟಿಸಿ 1912ರಲ್ಲಿ ಪೂರ್ಣಗೊಂಡ ಖಾಸಬಾಗ ಮೈದಾನದಲ್ಲಿ ಒಮ್ಮೆ ಇಳಿಯಬೇಕೆಂಬುದು ಇಲ್ಲಿಯ ಹುಡುಗರ ಹಂಬಲ. ಮಾಂಸಾಹಾರವಿಲ್ಲದ ನಮ್ಮ ಮನೆಗಳಲ್ಲಿ ಆ ಹಂಬಲದ ಭಾರವೆಲ್ಲ ಹಾಲು, ತುಪ್ಪ, ಬಾದಾಮಿಗಳ ಮೇಲೆ ಬೀಳುತ್ತದೆ. ಎರಡು ಲೀಟರು ಎಮ್ಮೆಯ ಹಾಲು, ನೂರು ಗ್ರಾಂ ತುಪ್ಪ, ನೂರು ಗ್ರಾಂ ಬಾದಾಮಿ ಸೇರಿದರೆ ರೊಟ್ಟಿ ಮುಟ್ಟುವ ಮೊದಲೇ ಸುಮಾರು 3,500 ಕ್ಯಾಲರಿಯಾಯಿತು. 70 ಕಿಲೋ ತೂಕದ ತರುಣನು ದಿನವಿಡೀ ಸುಮ್ಮನೆ ಮಲಗಿದ್ದರೂ ಅವನ ದೇಹ ವ್ಯಯಿಸುವುದು ಸುಮಾರು 1,700.

ಇಷ್ಟು ಬೈಠಕಿಗೆ ಇಷ್ಟು ಕ್ಯಾಲರಿ, ಬೈಠಕು ಇಮ್ಮಡಿಯಾದರೆ ಅನ್ನವೂ ಇಮ್ಮಡಿ ಎಂಬುದು ಹಳೆಯ ಲೆಕ್ಕ. ದೇಹ ಆ ಲೆಕ್ಕವನ್ನು ಬಹುಕಾಲ ಪಾಲಿಸುವುದಿಲ್ಲವೆಂದು ಈಚಿನ ಸಂಶೋಧನೆ ಹೇಳುತ್ತದೆ. ಟಾಂಜಾನಿಯಾದ ಹಾಡ್ಜಾ ಜನರು ಬೇಟೆಗೂ ಗಡ್ಡೆಗೆಣಸಿಗೂ ದಿನವೆಲ್ಲ ಅಲೆಯುವವರು. ಆದರೂ ಮೈಗಾತ್ರವನ್ನು ಲೆಕ್ಕಕ್ಕೆ ಹಿಡಿದಾಗ ಅವರ ದಿನದ ಒಟ್ಟು ವ್ಯಯ ಪಾಶ್ಚಾತ್ಯ ನಗರವಾಸಿಗಳಷ್ಟೇ ಎಂದು 2012ರಲ್ಲಿ ಪ್ರಕಟವಾಯಿತು. 2015ರಲ್ಲಿ ಅಮೆರಿಕೆಯನ್ನು ಓಡಿಯೇ ದಾಟಿದವರನ್ನೂ ಅಳೆದರು. ವಾರಕ್ಕೆ ಆರು ಮ್ಯಾರಥಾನ್, ಹೀಗೆ ಸುಮಾರು ಇಪ್ಪತ್ತು ವಾರ. ಕೊನೆಗೆ ಅವರ ದೇಹವು ನಿರೀಕ್ಷೆಗಿಂತ ದಿನಕ್ಕೆ ಸುಮಾರು 600 ಕ್ಯಾಲರಿ ಕಡಿಮೆ ಸುಡುತ್ತಿತ್ತು. ತಿಂಗಳುಗಟ್ಟಲೆ ತಾಳಿಕೊಳ್ಳಬಹುದಾದ ವ್ಯಯವು ವಿಶ್ರಾಂತಿಯ ವ್ಯಯದ ಸುಮಾರು ಎರಡೂವರೆ ಪಟ್ಟು, ಅದಕ್ಕಿಂತ ಹೆಚ್ಚಿಲ್ಲ ಎಂದು ಆ ಅಧ್ಯಯನ 2019ರಲ್ಲಿ ತೀರ್ಮಾನಿಸಿತು. ಎಲ್ಲ ವಿದ್ವಾಂಸರೂ ಇದಕ್ಕೆ ತಲೆದೂಗಿಲ್ಲ. ವಾದ ನಡೆದೇ ಇದೆ.

ಉಳಿತಾಯ ಎಲ್ಲಿಂದ ಬರುತ್ತದೆ? ಸಂಬಳ ಹೆಚ್ಚದ ಗೃಹಸ್ಥನು ಒಂದು ಖರ್ಚು ಬೆಳೆದಾಗ ಇನ್ನೊಂದನ್ನು ಮೊಟಕು ಮಾಡುವಂತೆ ದೇಹವೂ ಮಾಡುತ್ತದೆ. ತಾಲೀಮಿನಿಂದ ಬಂದ ಹುಡುಗ ಉಳಿದ ಹೊತ್ತು ಹೆಚ್ಚು ಕೂರುತ್ತಾನೆ, ಮಲಗುತ್ತಾನೆ. ಒಳಗಿನ ಉರಿಯೂತ, ಉದ್ವೇಗದ ರಸಗಳೂ ತಗ್ಗುತ್ತವೆಂದು ಊಹಿಸುತ್ತಾರೆ. ಮಿತವಾಗಿದ್ದಾಗ ಇದು ಆರೋಗ್ಯವೇ. ಆದರೆ ಅತಿಯಾದ ಸಾಮಿನೊಂದಿಗೆ ಊಟವೂ ಸಾಲದಾದರೆ ದೇಹವು ಮೂಳೆಯಿಂದಲೂ ಸಂತಾನಶಕ್ತಿಯಿಂದಲೂ ಕಡಿತ ಮಾಡತೊಡಗುತ್ತದೆ. ಅಂತಾರಾಷ್ಟ್ರೀಯ ಒಲಿಂಪಿಕ್ ಸಮಿತಿ 2014ರಲ್ಲಿ ಈ ಕುರಿತು ಎಚ್ಚರಿಸಿತು. ಈಗ ಹೆಣ್ಣುಮಕ್ಕಳೂ ಕುಸ್ತಿಯ ಕಣಕ್ಕೆ ಇಳಿಯುತ್ತಿದ್ದಾರೆ. ಮಗಳ ಮುಟ್ಟು ನಿಂತರೆ ತಾಯಂದಿರು ಅದನ್ನು ತಾಲೀಮಿನ ಗುಣವೆಂದು ಸುಮ್ಮನಿರಬಾರದು, ವೈದ್ಯರಲ್ಲಿಗೆ ಕರೆದೊಯ್ಯಬೇಕು.

ಇನ್ನೊಂದು ಮಾತು. ನಾವು ಮಠದಲ್ಲಿ ಓದುತ್ತಿದ್ದಾಗ ನೆರೆಯೂರಿನ ಪೈಲವಾನನೊಬ್ಬ ಮೂವತ್ತಕ್ಕೇ ಲಂಗೋಟಿ ಬಿಚ್ಚಿಟ್ಟ. ಹಾಲಿನ ಚರಿಗೆಯನ್ನು ಮಾತ್ರ ಬಿಡಲಿಲ್ಲ. ಸಾಮು ನಿಂತು ಸ್ನಾಯು ಕರಗಿದಂತೆ ದೇಹದ ಬೇಡಿಕೆಯೂ ಇಳಿಯಿತು, ನಾಲಿಗೆಯದು ಇಳಿಯಲಿಲ್ಲ. ಐವತ್ತರೊಳಗೆ ಸಕ್ಕರೆ ರೋಗ ಬಂದು ಕಾಲಿನ ಬೆರಳು ಹೋದವು. ಜಾತ್ರೆಯಲ್ಲಿ ಅವನು ಕಣದ ಅಂಚಿಗೆ ಕೋಲೂರಿ ನಿಲ್ಲುತ್ತಿದ್ದುದು ಇಂದಿಗೂ ನಮ್ಮ ಕಣ್ಣಿಗೆ ಕಟ್ಟಿದಂತಿದೆ.

ಆ ತಾಯಿಗೆ ಈಗ ಹೇಳುತ್ತೇವೆ: ಬೆಳೆಯುವ ಹುಡುಗನಿಗೆ ಹಸಿವೆ ಹೆಚ್ಚು, ಅವನ ತಟ್ಟೆಗೆ ಕೈ ಹಿಡಿಯಬೇಡಿರಿ. ಮೈ ತೂಕ ಏರಿದಷ್ಟು ಊಟವೂ ಏರಲಿ. ಆದರೆ ತಾಲೀಮಿನ ವರ್ಷಗಳನ್ನು ಎಣಿಸಿ ಹಾಲು ಏರಿಸುವ ಕಾರಣವಿಲ್ಲ. ಮನೆಯ ಎಮ್ಮೆಯ ಹಾಲು, ಜೋಳದ ರೊಟ್ಟಿ, ಬೇಳೆ, ಮೊಳಕೆಯ ಹೆಸರು ಇರಲಿ. ತಿಂಗಳಿಗೊಮ್ಮೆ ತೂಕ ನೋಡಿರಿ. ಅದು ಕಾರಣವಿಲ್ಲದೆ ಇಳಿದರೆ, ಮೇಲಿಂದ ಮೇಲೆ ನೆಗಡಿ ಜ್ವರ ಬಂದರೆ, ಆಗ ಊಟ ಹೆಚ್ಚಿಸಿರಿ, ಸಾಮು ತಗ್ಗಿಸಿರಿ. ಎರಡನೆಯ ಎಮ್ಮೆಗಾಗಿ ಸಾಲ ಬೇಡ. ವಸ್ತಾದರಿಗೆ ಇದನ್ನು ತಿಳಿಸುವ ಹೊಣೆ ನಮ್ಮದಿರಲಿ.