ಮನೆಯ ಪ್ಲಾಸ್ಟಿಕ್ ಚೀಲ ಹಸುವಿನ ಹೊಟ್ಟೆ ಸೇರದಿರಲಿ



ಸಂತೆಯಿಂದ ತರಕಾರಿ, ಅಂಗಡಿಯಿಂದ ಬೇಳೆ-ಸಕ್ಕರೆ, ಪಟ್ಟಣದಿಂದ ಬಟ್ಟೆಬರೆ, ಹೀಗೆ ಏನು ತಂದರೂ ಅದರ ಜೊತೆಗೆ ಒಂದು ಪ್ಲಾಸ್ಟಿಕ್ ಚೀಲ ಮನೆಗೆ ಬರುತ್ತದೆ. ತಂದ ಸಾಮಾನು ಖರ್ಚಾಗುತ್ತದೆ, ಚೀಲ ಉಳಿಯುತ್ತದೆ. ಉಳಿದ ಚೀಲ ಕೊನೆಗೆ ಎಲ್ಲಿ ಸೇರುತ್ತದೆ ಎಂಬುದನ್ನು ನಾವು ಹೆಚ್ಚಾಗಿ ಗಮನಿಸುವುದಿಲ್ಲ.

ಪಟ್ಟಣದವರಿಗೆ ಇದು ಬರೀ ಕಸದ ವಿಚಾರ ಇರಬಹುದು. ಹಸು-ಎಮ್ಮೆ ಸಾಕಿ ಜೀವನ ಮಾಡುವ ನಮಗೆ ಹಾಗಲ್ಲ. ನಮ್ಮ ಅಡಿಗೆಮನೆಗೂ ಕೊಟ್ಟಿಗೆಗೂ ನಡುವೆ ದಿನವೂ ಕಲಗಚ್ಚಿನ ಬಕೆಟ್ಟು ಓಡಾಡುತ್ತಿರುತ್ತದೆ. ತರಕಾರಿ ಸಿಪ್ಪೆ, ಅನ್ನ ಬಸಿದ ಗಂಜಿ, ಅಕ್ಕಿ ತೊಳೆದ ನೀರು ಎಲ್ಲವೂ ಅದರಲ್ಲಿ ಸೇರುತ್ತವೆ. ಸಿಪ್ಪೆಯ ಜೊತೆಗೆ ಒಂದು ತುಂಡು ಪ್ಲಾಸ್ಟಿಕ್ ಸೇರಿದರೂ ಅದು ನೇರವಾಗಿ ರಾಸಿನ ಹೊಟ್ಟೆಗೆ ಹೋಗುತ್ತದೆ. ಆದುದರಿಂದ ಪ್ಲಾಸ್ಟಿಕ್ ಚೀಲದ ಮರುಬಳಕೆ ನಮ್ಮ ಮಟ್ಟಿಗೆ ಹೈನುಗಾರಿಕೆಯದೇ ಒಂದು ಕೆಲಸ.

ಹಸು ಪ್ಲಾಸ್ಟಿಕ್ ತಿನ್ನುವುದೇಕೆ?

ಆಡು ಎಲೆಯನ್ನು ಆರಿಸಿ ಆರಿಸಿ ತಿನ್ನುತ್ತದೆ. ಹಸು ಹಾಗಲ್ಲ. ನಾಲಿಗೆಯಿಂದ ಸುತ್ತಿ ಎಳೆದು, ಹೆಚ್ಚು ಅಗಿಯದೆ ನುಂಗಿ, ಅನಂತರ ನಿಧಾನವಾಗಿ ಮೆಲುಕು ಹಾಕುವುದು ಅದರ ಸ್ವಭಾವ. ಅನ್ನ, ಉಪ್ಪು, ಹಣ್ಣಿನ ವಾಸನೆ ಹತ್ತಿದ ಚೀಲವನ್ನು ಅದು ಆಹಾರವೆಂದೇ ತಿಳಿಯುತ್ತದೆ. ಉಳಿದ ಆಹಾರವನ್ನು ಚೀಲದಲ್ಲಿ ಹಾಕಿ ಗಂಟು ಬಿಗಿದು ಎಸೆಯುವುದಂತೂ ಎಲ್ಲಕ್ಕಿಂತ ಅಪಾಯ. ಗಂಟು ಬಿಚ್ಚಲು ಹಸುವಿಗೆ ಬಾರದು, ಚೀಲಸಮೇತ ನುಂಗುತ್ತದೆ.

ಮೇವಿನಲ್ಲಿ ರಂಜಕ ಮುಂತಾದ ಲವಣಗಳ ಕೊರತೆಯಾದರೂ ರಾಸುಗಳು ಬಟ್ಟೆ, ಹಗ್ಗ, ಮೂಳೆ, ಪ್ಲಾಸ್ಟಿಕ್ ಜಗಿಯುವ ಚಾಳಿಗೆ ಬೀಳುತ್ತವೆ. ಅಂತಹ ರಾಸಿಗೆ ಪಶುವೈದ್ಯರ ಸಲಹೆಯಂತೆ ಲವಣ ಮಿಶ್ರಣ ಕೊಡಬೇಕು, ಜಂತುಹುಳುವಿನ ಔಷಧಿ ಹಾಕಿಸಬೇಕು.

ಹೊಟ್ಟೆಯೊಳಗೆ ಏನಾಗುತ್ತದೆ?

ಹಸುವಿನ ಹೊಟ್ಟೆಯಲ್ಲಿ ನಾಲ್ಕು ಭಾಗಗಳಿವೆ. ಮೊದಲನೆಯ ದೊಡ್ಡ ಹೊಟ್ಟೆಯಲ್ಲಿ ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು ಹುಲ್ಲನ್ನು ಕೊಳೆಸಿ ಕರಗಿಸುತ್ತವೆ. ಆದರೆ ಆ ಜೀವಿಗಳು ಪ್ಲಾಸ್ಟಿಕ್ಕನ್ನು ಕರಗಿಸಲಾರವು. ಮುಂದಿನ ಭಾಗಕ್ಕೆ ಹೋಗುವ ದಾರಿ ಕಿರಿದು. ಚೆನ್ನಾಗಿ ನುರಿದ ಆಹಾರ ಮಾತ್ರ ಅಲ್ಲಿ ನುಸುಳುತ್ತದೆ. ಹೀಗಾಗಿ ಒಳಗೆ ಹೋದ ಚೀಲ ಅಲ್ಲಿಯೇ ನಿಲ್ಲುತ್ತದೆ. ಇಂದು ಒಂದು, ಮುಂದಿನ ವಾರ ಇನ್ನೊಂದು ಸೇರಿ ಹಗ್ಗ, ದಾರ, ಕೂದಲು ಎಲ್ಲ ಸುತ್ತಿಕೊಂಡು ಗಟ್ಟಿ ಮುದ್ದೆಯಾಗುತ್ತದೆ. ಆ ಜಾಗದಲ್ಲಿ ಇರಬೇಕಾದ ಮೇವಿಗೆ ಜಾಗವೇ ಇಲ್ಲದಂತಾಗುತ್ತದೆ.

ಚೀಲದಲ್ಲಿ ಮೊಳೆ, ತಂತಿ, ಸೂಜಿ ಇದ್ದರೆ ಅಪಾಯ ಇನ್ನೂ ಹೆಚ್ಚು. ಅವು ಎರಡನೆಯ ಹೊಟ್ಟೆಯಲ್ಲಿ ನಿಲ್ಲುತ್ತವೆ. ಅದರ ಪಕ್ಕದಲ್ಲಿಯೇ ಹೃದಯವಿದೆ. ತಂತಿ ಹೊಟ್ಟೆಯನ್ನು ಚುಚ್ಚಿಕೊಂಡು ಹೃದಯದ ಪೊರೆಗೆ ತಗುಲಿದರೆ ರಾಸು ಉಳಿಯುವುದು ಕಷ್ಟ.

ಗುರುತಿಸುವುದು ಹೇಗೆ?

ಮೇವು ತಿನ್ನುವುದು ಕಡಿಮೆಯಾಗುವುದು, ಮೆಲುಕು ನಿಲ್ಲುವುದು, ಆಗಾಗ್ಗೆ ಎಡಗಡೆ ಹೊಟ್ಟೆ ಉಬ್ಬರಿಸುವುದು, ಸಗಣಿ ಕಡಿಮೆ ಬೀಳುವುದು, ಮೈ ಬಡವಾಗುವುದು, ಹಾಲು ದಿನದಿಂದ ದಿನಕ್ಕೆ ಇಳಿಯುವುದು ಇದರ ಮುಖ್ಯ ಲಕ್ಷಣಗಳು. ಬೇರೆ ಕಾಯಿಲೆಗಳಲ್ಲಿಯೂ ಇವು ಕಾಣಬಹುದು. ಆದುದರಿಂದ ಎಣ್ಣೆ ಕುಡಿಸಿ, ಕಷಾಯ ಕುಡಿಸಿ ದಿನ ಕಳೆಯದೆ ಪಶುವೈದ್ಯರಿಗೆ ತೋರಿಸಬೇಕು. ಪ್ಲಾಸ್ಟಿಕ್ಕನ್ನು ಕರಗಿಸುವ ಔಷಧಿ ಯಾವುದೂ ಇಲ್ಲ. ಮುದ್ದೆ ಕಟ್ಟಿದ್ದರೆ ಎಡ ಪಕ್ಕೆಯನ್ನು ಕೊಯ್ದು, ದೊಡ್ಡ ಹೊಟ್ಟೆ ತೆರೆದು ಕೈಯಿಂದ ತೆಗೆಯುವ ಶಸ್ತ್ರಚಿಕಿತ್ಸೆಯೇ ದಾರಿ. ಕರೆಯುವ ಹಸುವಿಗೆ ಇದು ಎಷ್ಟು ಕಷ್ಟ, ಸಾಕಿದವರಿಗೆ ಎಷ್ಟು ನಷ್ಟ ಎಂಬುದನ್ನು ಹೇಳಬೇಕಾಗಿಲ್ಲ.

ಸುಡುವುದೂ ಬೇಡ, ತಿಪ್ಪೆಗೂ ಬೇಡ

ಹಸು ತಿನ್ನದಿರಲಿ ಎಂದು ಕೆಲವರು ಚೀಲಗಳನ್ನು ಗುಡ್ಡೆ ಹಾಕಿ ಸುಡುತ್ತಾರೆ. ಬೆಂಕಿಗೆ ಹಾಕುವಾಗ ಯಾವುದು ಯಾವ ಬಗೆಯ ಪ್ಲಾಸ್ಟಿಕ್ ಎಂದು ಯಾರೂ ನೋಡುವುದಿಲ್ಲ. ಪಿವಿಸಿ ಬಗೆಯದು ಸೇರಿದ್ದರೆ ಡಯಾಕ್ಸಿನ್ ಎಂಬ ವಿಷ ಹುಟ್ಟುತ್ತದೆ. ಈ ವಿಷ ಹೊಗೆ-ಬೂದಿಯ ಜೊತೆ ಹುಲ್ಲಿನ ಮೇಲೆ ಬಿದ್ದು, ಹುಲ್ಲು ಮೇಯ್ದ ರಾಸಿನ ಮೈಯ ಕೊಬ್ಬಿನಲ್ಲಿ ಸೇರಿ, ಹಾಲಿನ ಜಿಡ್ಡಿನಲ್ಲಿಯೂ ಬರುತ್ತದೆ. ಜಿಡ್ಡಿನ ಆಧಾರದ ಮೇಲೆ ಬೆಲೆ ಪಡೆಯುವ ನಾವು ಆ ಜಿಡ್ಡನ್ನು ಶುದ್ಧವಾಗಿ ಉಳಿಸಿಕೊಳ್ಳಬೇಕು.

ತಿಪ್ಪೆಗೆ ಹಾಕಿದರೂ ಪ್ಲಾಸ್ಟಿಕ್ ಕೊಳೆಯುವುದಿಲ್ಲ. ಗೊಬ್ಬರದ ಜೊತೆ ಹೊಲ ಸೇರಿ, ಉಳುವಾಗ ಚೂರುಚೂರಾಗಿ, ಮೇವಿನ ಬೆಳೆಯ ಬುಡದಲ್ಲಿ ಸಿಕ್ಕಿ, ಹುಲ್ಲು ಕೊಯ್ದಾಗ ಪುನಃ ಗೋದಲಿಗೆ ಬರುತ್ತದೆ.

ಮನೆಯಲ್ಲಿ ಮರುಬಳಕೆ

ಚೀಲ ಮನೆಗೆ ಬಂದ ಕೂಡಲೇ ಕೊಡವಿ, ಕೊಳೆಯಾಗಿದ್ದರೆ ತೊಳೆದು, ನೆರಳಿನಲ್ಲಿ ಒಣಗಿಸಿ, ಮಡಿಸಿ ಒಂದೇ ಕಡೆ ಇಡಬೇಕು. ಅಡಿಗೆಮನೆಯ ಗೋಡೆಗೆ ಎತ್ತರದಲ್ಲಿ ಒಂದು ಬಟ್ಟೆಯ ಚೀಲ ನೇತುಹಾಕಿ, ಎಲ್ಲವನ್ನೂ ಅದರಲ್ಲಿ ಹಾಕುವುದು ಸುಲಭ. ಹೀಗೆ ಇಟ್ಟ ಚೀಲಗಳನ್ನು ಈ ಕೆಳಗಿನಂತೆ ಉಪಯೋಗಿಸಬಹುದು.

ಗಟ್ಟಿಯಾದ ಚೀಲವನ್ನು ಮತ್ತೆ ಸಂತೆಗೆ ಒಯ್ಯಬಹುದು. ಮಳೆಗಾಲದಲ್ಲಿ ಸಂಘದ ಪಾಸ್ ಪುಸ್ತಕ, ಪಹಣಿ, ರಾಸಿನ ವಿಮಾ ಪತ್ರಗಳಿಗೆ ತೇವ ತಗುಲದಂತೆ ಸುತ್ತಿಡಬಹುದು. ಸಣ್ಣ ಚೀಲಗಳ ತಳದಲ್ಲಿ ನಾಲ್ಕಾರು ತೂತು ಮಾಡಿ, ಮಣ್ಣು-ಗೊಬ್ಬರ ತುಂಬಿ ಅಗಸೆ, ನುಗ್ಗೆ, ಸುಬಾಬುಲ್ ಮುಂತಾದ ಮೇವಿನ ಮರಗಳ ಸಸಿ ಬೆಳೆಸಬಹುದು. ಸಸಿ ನೆಡುವಾಗ ಚೀಲ ಹರಿದು ತೆಗೆದು ಮನೆಗೆ ತರಬೇಕು, ಗುಂಡಿಯಲ್ಲಿ ಬಿಡಬಾರದು. ಚೀಲಗಳನ್ನು ಉದ್ದಕ್ಕೆ ಪಟ್ಟಿ ಕತ್ತರಿಸಿ ಜಡೆ ಹೆಣೆದು ಕಾಲೊರಸು ಮಾಡುವ ಹೆಣ್ಣುಮಕ್ಕಳೂ ಇದ್ದಾರೆ. ಆದರೆ ಅಂತಹ ಹೆಣಿಗೆ ಹಗ್ಗದಿಂದ ರಾಸನ್ನು ಕಟ್ಟಬಾರದು, ಅದು ಜಗಿದು ನುಂಗುತ್ತದೆ.

ಕೆಲವು ಬಳಕೆ ಸರಿಯಲ್ಲ. ಬಿಸಿ ಆಹಾರ, ಮೊಸರು, ಉಪ್ಪಿನಕಾಯಿಯನ್ನು ಕಪ್ಪು ಅಥವಾ ಬಣ್ಣದ ಚೀಲದಲ್ಲಿ ಇಡಬಾರದು. ಹಾಲಿನ ಕ್ಯಾನು ತುಳುಕದಿರಲೆಂದು ಮುಚ್ಚಳದ ಕೆಳಗೆ ಪ್ಲಾಸ್ಟಿಕ್ ಚೀಲ ಸಿಕ್ಕಿಸುವ ರೂಢಿ ಕೆಲವೆಡೆ ಇದೆ. ಚೀಲದ ಮಡಿಕೆಯಲ್ಲಿ ಉಳಿದ ಹಾಲು ಹುಳಿತು, ಮರುದಿನದ ಹಾಲನ್ನೂ ಕೆಡಿಸುತ್ತದೆ. ಕ್ಯಾನಿಗೆ ಸರಿಯಾಗಿ ಕೂರುವ ಮುಚ್ಚಳವನ್ನೇ ಬಳಸಬೇಕು. ಕೀಟನಾಶಕದ ಪೊಟ್ಟಣವನ್ನು ಯಾವ ಕೆಲಸಕ್ಕೂ ಮತ್ತೆ ಬಳಸಬಾರದು.

ಪಶು ಆಹಾರದ ಚೀಲ ಮತ್ತು ಹಾಲಿನ ಪೊಟ್ಟಣ

ನಮ್ಮ ಕೊಟ್ಟಿಗೆಗೆ ಬರುವ 50 ಕಿಲೋ ಪಶು ಆಹಾರದ ಚೀಲವೂ ಪ್ಲಾಸ್ಟಿಕ್ ಎಳೆಯಿಂದ ನೇಯ್ದದ್ದೇ. ಚೀಲದ ಬಾಯಿ ಬಿಚ್ಚುವಾಗ ಹೊಲಿದ ದಾರವನ್ನು ಕಿತ್ತು ಅಲ್ಲಿಯೇ ಬಿಸಾಡಿದರೆ ಹಿಂಡಿಯ ಜೊತೆ ಗೋದಲಿಗೆ ಬೀಳುತ್ತದೆ. ದಾರವನ್ನು ಪೂರ್ತಿ ಎಳೆದು ಜೇಬಿಗೆ ಹಾಕಿಕೊಳ್ಳುವ ಅಭ್ಯಾಸ ಮಾಡಿಕೊಳ್ಳಿ. ಖಾಲಿ ಚೀಲ ಗೊಬ್ಬರ ಸಾಗಿಸಲು, ಕತ್ತರಿಸಿದ ಮೇವು ತುಂಬಲು ಬರುತ್ತದೆ. ಬಿಸಿಲಿಗೆ ಬಿಟ್ಟರೆ ಮಾತ್ರ ಎಳೆ ಜೀರ್ಣವಾಗಿ ಪುಡಿಪುಡಿ ಉದುರುತ್ತದೆ. ಹಾಗೆ ಉದುರಲು ತೊಡಗಿದ ಚೀಲ, ಅಜೋಲಾ ಗುಂಡಿಯ ಹಾಳೆ, ರಸಮೇವಿನ ಹೊದಿಕೆ ಇವನ್ನು ಕೊಟ್ಟಿಗೆಯಿಂದ ಕೂಡಲೇ ಹೊರಗೆ ತೆಗೆಯಬೇಕು. ಯೂರಿಯಾ ಬಂದ ಚೀಲವನ್ನು ತೊಳೆದರೂ ಮೇವು-ಹಿಂಡಿಗೆ ಬಳಸಬಾರದು. ಯೂರಿಯಾ ಹೆಚ್ಚಾದರೆ ರಾಸಿಗೆ ವಿಷ.

ನಾವು ಕರೆದ ಹಾಲು ಪಟ್ಟಣಕ್ಕೆ ಹೋಗುವುದೂ ಪಾಲಿಥೀನ್ ಪೊಟ್ಟಣದಲ್ಲಿಯೇ. ಪಟ್ಟಣದ ನೆಂಟರಿಗೆ ಒಂದು ಮಾತು ಹೇಳಿ: ಪೊಟ್ಟಣದ ಮೂಲೆಯನ್ನು ಪೂರ್ತಿ ಕತ್ತರಿಸದೆ, ತುಂಡು ಅದಕ್ಕೇ ಅಂಟಿಕೊಂಡಿರುವಂತೆ ಸೀಳಬೇಕು. ಚೂರು ಬೇರೆಯಾದರೆ ಅದನ್ನು ಆಯುವವರಿಲ್ಲ. ತೊಳೆದು ಒಣಗಿಸಿದ ಪೊಟ್ಟಣಗಳನ್ನು ಗುಜರಿಯವರು ತೂಕಕ್ಕೆ ಕೊಳ್ಳುತ್ತಾರೆ.

ಹಳೆಯ ಚೀಲ ಎಲ್ಲಿಗೆ?

ಪ್ಲಾಸ್ಟಿಕ್ಕನ್ನು ಮನೆಯಲ್ಲಿ ಕರಗಿಸುವ ಪ್ರಯತ್ನ ಬೇಡ. ಅದು ಕಾರ್ಖಾನೆಯ ಕೆಲಸ. ಅಲ್ಲಿ ಬಗೆಬಗೆಯಾಗಿ ಬೇರ್ಪಡಿಸಿ, ತೊಳೆದು, ಚೂರು ಮಾಡಿ, ಕರಗಿಸಿ ಕಾಳು ಮಾಡುತ್ತಾರೆ. ಆ ಕಾಳಿನಿಂದ ಪೈಪು, ಬಕೆಟ್ಟು ಮುಂತಾದವು ತಯಾರಾಗುತ್ತವೆ. ಮಧುರೆಯ ತ್ಯಾಗರಾಜರ್ ಇಂಜಿನಿಯರಿಂಗ್ ಕಾಲೇಜಿನ ಪ್ರಾಧ್ಯಾಪಕ ಆರ್. ವಾಸುದೇವನ್ ಅವರು, ಕಾಯಿಸಿದ ಜಲ್ಲಿಗೆ ಪ್ಲಾಸ್ಟಿಕ್ ಚೂರು ಲೇಪಿಸಿ ಡಾಂಬರು ಹಾಕುವ ರಸ್ತೆ ವಿಧಾನವನ್ನು ರೂಪಿಸಿದರು. 2018ರಲ್ಲಿ ಅವರಿಗೆ ಪದ್ಮಶ್ರೀ ಬಂದಿತು.

ಆದರೆ ತೆಳು ಚೀಲ ಇಲ್ಲಿಯವರೆಗೆ ತಲುಪುವುದೇ ಕಷ್ಟ. ಒಂದು ಚೀಲ 4 ಗ್ರಾಂ ತೂಗಿದರೆ ಕಿಲೋ ಆಗಲು 250 ಚೀಲ ಆಯಬೇಕು. ಕೂಲಿ ಗಿಟ್ಟದು ಎಂದು ಆಯುವವರು ಬಿಟ್ಟುಬಿಡುತ್ತಾರೆ. ಈ ಕಾರಣಕ್ಕಾಗಿಯೇ ದೇಶದ ನಿಯಮಗಳು ಚೀಲದ ಕನಿಷ್ಠ ದಪ್ಪವನ್ನು ಏರಿಸುತ್ತ ಬಂದಿವೆ: 1999ರಲ್ಲಿ 20 ಮೈಕ್ರಾನ್, 2011ರಲ್ಲಿ 40, 2016ರಲ್ಲಿ 50, 2021ರ ಸೆಪ್ಟೆಂಬರ್ 30ರಿಂದ 75, 2022ರ ಡಿಸೆಂಬರ್ 31ರಿಂದ 120. ಸಾವಿರ ಮೈಕ್ರಾನ್ ಎಂದರೆ ಒಂದು ಮಿಲಿಮೀಟರ್. ನಮ್ಮ ರಾಜ್ಯದಲ್ಲಿ 2016ರ ಮಾರ್ಚ್‌ನಲ್ಲಿಯೇ ಪ್ಲಾಸ್ಟಿಕ್ ಕೈಚೀಲಗಳನ್ನು ನಿಷೇಧಿಸಲಾಯಿತು. ಆದರೂ ಚೀಲ ಬರುವುದು ನಿಂತಿಲ್ಲ. ಬಂದದ್ದನ್ನು ಒಣಗಿಸಿ, ಒಟ್ಟುಗೂಡಿಸಿ ಗುಜರಿಗೆ ಅಥವಾ ಗ್ರಾಮ ಪಂಚಾಯಿತಿಯ ಕಸದ ವಾಹನಕ್ಕೆ ಒಣಕಸವಾಗಿ ಕೊಡುವುದು ನಮ್ಮ ಕೈಯಲ್ಲಿದೆ. ಹಸಿಕಸ ಸೇರಿದ ಕೊಳಕು ಚೀಲವನ್ನು ಯಾರೂ ಮುಟ್ಟುವುದಿಲ್ಲ.

ಸದಸ್ಯರು ನೆನಪಿಡಬೇಕಾದ ಅಂಶಗಳು

1. ಸಂತೆಗೆ ಹೋಗುವಾಗ ಬಟ್ಟೆಯ ಕೈಚೀಲ ಒಯ್ಯಿರಿ.
2. ಕಲಗಚ್ಚಿನ ಬಕೆಟ್ಟನ್ನು ಗೋದಲಿಗೆ ಸುರಿಯುವ ಮೊದಲು ಕೈಯಾಡಿಸಿ ನೋಡಿ.
3. ಆಹಾರವನ್ನು ಚೀಲದಲ್ಲಿ ಗಂಟು ಕಟ್ಟಿ ಎಸೆಯಬೇಡಿ.
4. ಮನೆಯ ಚೀಲಗಳಿಗೆ ಒಂದೇ ಜಾಗವಿರಲಿ, ಅದು ರಾಸಿನ ಬಾಯಿಗೆ ಎಟುಕದಿರಲಿ.
5. ಪ್ಲಾಸ್ಟಿಕ್ ಸುಡಬೇಡಿ, ತಿಪ್ಪೆಗೆ ಹಾಕಬೇಡಿ.
6. ಮದುವೆ, ಜಾತ್ರೆ ಮುಗಿದ ಜಾಗದಲ್ಲಿ ಕಸ ತೆಗೆಯುವವರೆಗೆ ರಾಸು ಬಿಡಬೇಡಿ.

ಈ ಕೆಲಸಕ್ಕೆ ಹಣ ಬೇಕಿಲ್ಲ. ಮನೆಯಲ್ಲಿ ಕಲಗಚ್ಚು ಕೂಡಿಸುವವರು ಹೆಚ್ಚಾಗಿ ತಾಯಂದಿರು, ಕೊಟ್ಟಿಗೆಯಲ್ಲಿ ಮೇವು ಹಾಕುವವರು ಮನೆಮಂದಿಯೆಲ್ಲ. ಎಲ್ಲರೂ ಕುಳಿತು ಒಮ್ಮೆ ಮಾತನಾಡಿಕೊಂಡರೆ ಸಾಕು. ಸಂಘದಲ್ಲಿ ಹಾಲು ಹಾಕುವಾಗಲೂ ಈ ವಿಷಯವನ್ನು ನೆರೆಹೊರೆಯವರಿಗೆ ತಿಳಿಸಿರಿ. ನಮ್ಮ ಮನೆಯ ಚೀಲ ಪಕ್ಕದ ಮನೆಯ ಹಸುವಿನ ಹೊಟ್ಟೆಯನ್ನೂ ಸೇರಬಹುದು ಎಂಬುದು ನೆನಪಿರಲಿ.