ಕ್ಯೋಟೊ ಬೀಸಣಿಗೆಯ ಒಳಗುಟ್ಟು
ಜಪಾನಿನ ಮಡಿಸುವ ಬೀಸಣಿಗೆಯ ಬಿದಿರು ಕಡ್ಡಿಗಳನ್ನು ಕಾಗದದ ಹಿಂದೆ ಅಂಟಿಸಿರುತ್ತಾರೆ ಅಂದುಕೊಂಡಿದ್ದೀರಾ? ಕ್ಯೋಟೊದ್ದಾದರೆ ಅವು ಇರುವುದು ಕಾಗದದ ಒಳಗೆ!

ಮೊದಲು ವಾಶಿ ಎಂಬ ತೆಳುವಾದ ಜಪಾನಿ ಕಾಗದದ ಪದರಗಳನ್ನು ಒಂದರ ಮೇಲೊಂದು ಅಂಟಿಸುತ್ತಾರೆ. ಎರಡು ಅಚ್ಚುಕಾಗದಗಳ ನಡುವೆ ಇಟ್ಟು ನೆರಿಗೆ ಹಿಡಿಯುತ್ತಾರೆ. ಪದರಗಳ ನಡುವೆ ಸಂದು ಬಿಡಿಸಿ, ಬಾಯಿಂದ ಉಫ್ ಎಂದು ಊದುತ್ತಾರೆ. ಸಂದು ತೆರೆದುಕೊಂಡದ್ದೇ ತಡ, ಅಂಟು ಸವರಿದ ಕಡ್ಡಿಗಳು ಸರಸರನೆ ಒಳಗೆ! ಕೊನೆಗೆ ಅಂಚಿನ ಎರಡು ದಪ್ಪ ಕಡ್ಡಿಗಳನ್ನು ಕಾಯಿಸಿ ಒಳಕ್ಕೆ ಬಾಗಿಸುತ್ತಾರೆ. ಕಡ್ಡಿ, ಚಿತ್ರ, ನೆರಿಗೆ: ಒಂದೊಂದಕ್ಕೂ ಬೇರೆ ಕುಶಲಕರ್ಮಿ.

ಈ ಮಡಿಸುವ ಬೀಸಣಿಗೆಯ ಪೂರ್ವಜ ಹಿಓಗಿ, ಹಿನೊಕಿ ಮರದ ಪಟ್ಟಿಗಳ ಬೀಸಣಿಗೆ. ಕ್ಯೋಟೊದ ತೋಜಿ ದೇಗುಲದ ಮೂರ್ತಿಯೊಂದರ ತೋಳಿನೊಳಗೆ ಸಿಕ್ಕ ಹಿಓಗಿಯ ಮೇಲೆ ಕ್ರಿ.ಶ. 877ರ ಬರಹವಿದೆ.

ಕೊಳ್ಳುವಾಗ ಒಮ್ಮೆ ಮುಚ್ಚಿ ನೋಡಿ. ಪಟ್ ಎಂದು ಬಿಗಿಯಾಗಿ ಕೂತರೆ, ಅಂಚಿನ ಕಡ್ಡಿ ಬಾಗಿಸಿದವರ ಕೈ ಪಳಗಿದೆ ಎಂದರ್ಥ!