ಮುಟ್ಟಿ ನೋಡದೆ ಕೊಳ್ಳುವಾಗ

ಸಂತೆಯಲ್ಲಿ ನಾವು ತೆಂಗಿನಕಾಯಿಯನ್ನು ಕಿವಿಯ ಬಳಿ ಅಲುಗಾಡಿಸಿ ನೋಡುತ್ತೇವೆ, ಬದನೆಕಾಯಿಯನ್ನು ತಿರುಗಿಸಿ ಹುಳುಕು ಹುಡುಕುತ್ತೇವೆ. ಅಜ್ಜಂಪುರ ತಾಲ್ಲೂಕಿನ ಬುಕ್ಕಾಂಬುಧಿಯಲ್ಲಿ ಕುಳಿತು ಮೊಬೈಲ್‌ನಲ್ಲಿ ಮಿಕ್ಸಿಯನ್ನೋ ಸೀರೆಯನ್ನೋ ಕೊಳ್ಳುವವರಿಗೆ ಈ ಅವಕಾಶವಿಲ್ಲ. ಕಾಣುವುದು ಚಿತ್ರ ಮಾತ್ರ. ಹಾಗಾದರೆ ಕೊಳ್ಳುವ ನಿರ್ಧಾರಕ್ಕೆ ಮನಸ್ಸು ಏನನ್ನು ಆಧಾರ ಮಾಡಿಕೊಳ್ಳುತ್ತದೆ?

ನಮ್ಮ ರಾಜ್ಯದಲ್ಲೇ ಇದಕ್ಕೆ ಒಳ್ಳೆಯ ಉದಾಹರಣೆಯಿದೆ. 2007ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಫ್ಲಿಪ್‌ಕಾರ್ಟ್ ಮೊದಲಿಗೆ ಪುಸ್ತಕಗಳನ್ನಷ್ಟೇ ಮಾರುತ್ತಿತ್ತು. ಒಂದೇ ಮುದ್ರಣದ ಪ್ರತಿಗಳೆಲ್ಲ ಒಂದೇ ತರಹ. ಮುಟ್ಟಿ ನೋಡುವ ಅಗತ್ಯ ಕಡಿಮೆ. ಆದರೂ ಕಾಣದ ಅಂಗಡಿಗೆ ಮುಂಗಡ ಹಣ ಕೊಡಲು ಜನರಿಗೆ ಹಿಂಜರಿಕೆ. ಕ್ರೆಡಿಟ್ ಕಾರ್ಡ್ ಇದ್ದವರೂ ಕೆಲವರೇ. 2010ರಲ್ಲಿ ಸಂಸ್ಥೆಯು ಸರಕು ಮನೆ ಬಾಗಿಲಿಗೆ ಬಂದ ಮೇಲೆ ಹಣ ಪಡೆಯುವ ಪದ್ಧತಿ ತಂದಿತು. ಅಂಚೆಯ ವಿ.ಪಿ.ಪಿ. ಕಂಡವರಿಗೆ ಇದು ಹೊಸದೇನಲ್ಲ! ಆದರೆ ಗಮನಿಸಿ: ಎರಡರಲ್ಲೂ ಸಾಮಾನ್ಯವಾಗಿ ಹಣ ಕೊಟ್ಟ ಮೇಲೆಯೇ ಕಟ್ಟು ಬಿಚ್ಚುವುದು. ಕಟ್ಟು ಬಂದಿದೆ ಎಂಬುದಷ್ಟೇ ಖಾತರಿ, ಒಳಗೇನಿದೆ ಎಂಬುದಲ್ಲ. ಆದರೂ ಜನರ ಅಂಜಿಕೆ ಕಡಿಮೆಯಾಯಿತು. 2016ರಲ್ಲಿ ಯುಪಿಐ ಬಂದು ಹಣ ಕೊಡುವುದು ಸುಲಭವಾಯಿತು. ಸರಕಿನ ಗುಣದ ಪ್ರಶ್ನೆ ಉಳಿದೇ ಇದೆ.

ಅದಕ್ಕೆ ಉತ್ತರವೆಂದು ತೋರಿಸುವುದು ನಕ್ಷತ್ರಗಳನ್ನು. ನೆರೆಯವರ ಮಾತಿನ ಸ್ಥಾನದಲ್ಲಿ ಇವು ಬಂದಿವೆ. ಒಂದು ಲೆಕ್ಕ ಮಾಡೋಣ. ಹತ್ತು ಜನ ಕೊಟ್ಟ ಅಂಕಗಳ ಸರಾಸರಿ 3 ಎನ್ನಿ. ಮಾರುವವನ ಹತ್ತು ಗೆಳೆಯರು ತಲಾ 5 ಕೊಟ್ಟರೆ ಸರಾಸರಿ 4ಕ್ಕೆ ಏರುತ್ತದೆ. ಅದೇ 2000 ಜನರ ಸರಾಸರಿ 3 ಇದ್ದಾಗ ಆ ಹತ್ತು ಗೆಳೆಯರಿಂದ ಅದು 3.01 ಮಾತ್ರ ಆಗುತ್ತದೆ. ಆದ್ದರಿಂದ ಸರಾಸರಿಗಿಂತ ಮೊದಲು ಜನರ ಸಂಖ್ಯೆ ನೋಡಬೇಕು. ಇಂತಹ ಅಭಿಪ್ರಾಯಗಳನ್ನು ಸಂಗ್ರಹಿಸಿ ಪ್ರಕಟಿಸುವ ಕ್ರಮಕ್ಕೆ ಭಾರತೀಯ ಮಾನಕ ಬ್ಯೂರೊ 2022ರಲ್ಲಿ ಐಎಸ್ 19000 ಎಂಬ ಮಾನಕವನ್ನು ರೂಪಿಸಿದೆ.

ಇನ್ನು ಬೆಲೆ. ‘2,999’ ಎಂದು ಬರೆದು ಗೀಟು ಹೊಡೆದು ಪಕ್ಕದಲ್ಲಿ ‘899’ ಎಂದಿದ್ದರೆ ಲಾಭವಾಯಿತೆಂದು ನಮಗೆ ಅನ್ನಿಸುತ್ತದೆ. ಟ್ವೆರ್ಸ್ಕಿ ಮತ್ತು ಕಾನೆಮನ್ ಎಂಬ ಮನೋವಿಜ್ಞಾನಿಗಳು 1974ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಇದರ ಮೂಲವಿದೆ. ಅವರು ಒಂದು ಅದೃಷ್ಟಚಕ್ರ ತಿರುಗಿಸಿ, ವಿಶ್ವಸಂಸ್ಥೆಯಲ್ಲಿ ಆಫ್ರಿಕಾದ ದೇಶಗಳು ಶೇಕಡಾ ಎಷ್ಟು ಎಂದು ಕೇಳಿದರು. ಚಕ್ರದಲ್ಲಿ 10 ಕಂಡವರ ಊಹೆಯ ಮಧ್ಯಾಂಕ 25. 65 ಕಂಡವರದು 45. ಚಕ್ರಕ್ಕೂ ಪ್ರಶ್ನೆಗೂ ಸಂಬಂಧವೇ ಇರಲಿಲ್ಲ! ಮೊದಲು ಕಂಡ ಅಂಕಿ ದೋಣಿಯ ಲಂಗರಿನಂತೆ ಮನಸ್ಸನ್ನು ಕಟ್ಟಿಹಾಕುತ್ತದೆ. ಗೀಟು ಹೊಡೆದ ಬೆಲೆಯನ್ನು ಕೈಯಿಂದ ಮುಚ್ಚಿ, 899ಕ್ಕೆ ಅಜ್ಜಂಪುರದ ಅಂಗಡಿಯಲ್ಲಿ ಏನು ಸಿಗುತ್ತದೆ ಎಂದು ಕೇಳಿಕೊಳ್ಳಿ.

‘ಎರಡೇ ಉಳಿದಿವೆ’ ಎಂಬ ಸುಳ್ಳು ಅವಸರ, ಕೇಳದ ವಸ್ತುವನ್ನು ಬುಟ್ಟಿಗೆ ಸೇರಿಸುವುದು, ಕೊನೆಯ ಪುಟದಲ್ಲಿ ಶುಲ್ಕ ಹೆಚ್ಚಿಸುವುದು, ಇಂತಹ 13 ಬಗೆಯ ತಂತ್ರಗಳನ್ನು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರ ಮಾರ್ಗಸೂಚಿಯಲ್ಲಿ ಹೆಸರಿಸಿ ನಿಷೇಧಿಸಿದೆ. ಹಳ್ಳಿಯವರು ನೋಡಲೇಬೇಕಾದದ್ದು ಇನ್ನೊಂದಿದೆ: ಸರಕನ್ನು ಹಿಂದಕ್ಕೆ ಒಯ್ಯುವ ಸೌಲಭ್ಯ ನಿಮ್ಮ ಪಿನ್‌ಕೋಡ್‌ಗೆ ಇದೆಯೇ? ಬೆಲೆ ಕಾಣುವ ಪುಟದ ಚಿತ್ರವನ್ನು ಉಳಿಸಿಕೊಂಡು, ಕಟ್ಟು ಬಿಚ್ಚುವಾಗ ವಿಡಿಯೊ ತೆಗೆದಿಡಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡುವಾಗ ಇವೇ ನಿಮ್ಮ ಸಾಕ್ಷಿ.